ಚರ್ಚೆಗೆ ಮೊದಲೇ ಮುಗಿಯುವ ತೀರ್ಮಾನ: ಲಸಿಕೆ, ಪ್ರಯಾಣ ಮತ್ತು ಶಾಸನಸಭೆಗಳ ನಿಯಮಗಳು

ಕೊರೊನಾ ಕಾಲದ ನೆನಪುಗಳು ನಿಧಾನವಾಗಿ ಮಾಸುತ್ತಿವೆ. ಆದರೆ ನಮ್ಮ ಕರಾವಳಿಯ ಎಷ್ಟೋ ಮನೆಗಳ ಕಪಾಟಿನಲ್ಲಿ ಒಂದು ಕಾಗದ ಇಂದಿಗೂ ಪಾಸ್‌ಪೋರ್ಟಿನ ಜೊತೆಯಲ್ಲೇ ಇದೆ. ಅದು ಲಸಿಕೆಯ ಪ್ರಮಾಣಪತ್ರ. ಮಗಳ ಹೆರಿಗೆಗೆಂದು ಅಮೆರಿಕಕ್ಕೆ ಹೊರಟ ತಾಯಿಗೆ, ಓದಲು ಹೊರಟ ವಿದ್ಯಾರ್ಥಿಗೆ, ಯುರೋಪಿನ ಕಾನ್ವೆಂಟಿಗೆ ಸೇವೆಗೆ ಹೊರಟ ಧರ್ಮಭಗಿನಿಗೆ ಆ ಒಂದು ಹಾಳೆಯೇ ಬಾಗಿಲು ತೆರೆಯುವ ಕೀಲಿಯಾಗಿತ್ತು. ಯಾವ ಲಸಿಕೆ ನಡೆಯುತ್ತದೆ, ಯಾವುದು ನಡೆಯುವುದಿಲ್ಲ, ಎಷ್ಟು ಡೋಸ್ ಬೇಕು ಎಂದು ಎಲ್ಲರೂ ಕೇಳುತ್ತಿದ್ದ ದಿನಗಳವು.

ಆದರೆ ಇನ್ನೊಂದು ಪ್ರಶ್ನೆಯನ್ನು ಕೇಳಿದವರು ಕಡಿಮೆ. ಈ ನಿಯಮವನ್ನು ಮಾಡಿದವರು ಯಾರು? ಜನಪ್ರತಿನಿಧಿಗಳ ಸಭೆಯಲ್ಲಿ ಇದು ಚರ್ಚೆಗೆ ಬಂತೇ? ಬಂದಿದ್ದರೆ ಎಷ್ಟು ಹೊತ್ತು? ತಿದ್ದುಪಡಿ ಸೂಚಿಸಲು ಯಾರಿಗೆ ಅವಕಾಶವಿತ್ತು? ಅದಕ್ಕಿಂತ ಮುಖ್ಯವಾಗಿ, ಆ ಅವಕಾಶವನ್ನು ಕೊಡುವ ಅಥವಾ ಕೊಡದಿರುವ ಅಧಿಕಾರ ಯಾರ ಕೈಯಲ್ಲಿತ್ತು?

ಕೇಳಲು ಇದು ಒಣ ವಿಷಯ. ಮಸೂದೆಯ ಬಗ್ಗೆ ಪತ್ರಿಕೆಗಳು ಬರೆಯುತ್ತವೆ, ಮಸೂದೆಯನ್ನು ಚರ್ಚಿಸುವ ನಿಯಮದ ಬಗ್ಗೆ ಯಾರೂ ಬರೆಯುವುದಿಲ್ಲ. ಆದರೆ ನಮ್ಮ ಚರ್ಚ್ ಪಾಲನಾ ಮಂಡಳಿಗಳಲ್ಲಿ ಕೆಲಸ ಮಾಡಿದವರಿಗೆ ಇದರ ಮಹತ್ವ ಬೇಗ ಅರ್ಥವಾದೀತು. ಸಭೆಯ ಅಜೆಂಡಾ ಬರೆಯುವವರು ಒಂದು ವಿಷಯವನ್ನು ಮೊದಲಿಗೆ ಇಟ್ಟರೆ ಅದಕ್ಕೆ ಒಂದು ಗತಿ. ರಾತ್ರಿ ಒಂಬತ್ತು ಗಂಟೆಗೆ, ಎಲ್ಲರೂ ಎದ್ದು ಹೋಗುವ ಹೊತ್ತಿಗೆ 'ಇತರ ವಿಷಯಗಳು' ಎಂಬಲ್ಲಿ ಇಟ್ಟರೆ ಅದಕ್ಕೆ ಬೇರೆಯೇ ಗತಿ. ದೊಡ್ಡ ದೇಶಗಳ ಸಂಸತ್ತುಗಳಲ್ಲೂ ನಡೆಯುವುದು ಇದೇ. ಲಸಿಕೆ ಮತ್ತು ಪ್ರಯಾಣದ ವಿಷಯದಲ್ಲಿ ಅಮೆರಿಕ ಮತ್ತು ಯುರೋಪಿನಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಆದೇಶದಿಂದ ಬಂದ ನಿಯಮ

2021ರ ಮೇ 4ರಿಂದ ಭಾರತದಿಂದ ಬರುವ ಬಹುತೇಕ ವಿದೇಶೀಯರಿಗೆ ಅಮೆರಿಕ ಬಾಗಿಲು ಮುಚ್ಚಿತ್ತು. ಎರಡನೇ ಅಲೆ ನಮ್ಮಲ್ಲಿ ಹೆಣಗಳ ಸಾಲು ನಿಲ್ಲಿಸಿದ್ದ ದಿನಗಳವು. ಆ ವರ್ಷದ ಅಕ್ಟೋಬರ್ 25ರಂದು ಅಧ್ಯಕ್ಷ ಜೋ ಬೈಡನ್ ಹೊಸ ಘೋಷಣೆಯೊಂದಕ್ಕೆ ಸಹಿ ಹಾಕಿದರು. ದೇಶ ದೇಶಗಳ ಮೇಲಿನ ನಿಷೇಧ ಹೋಗಿ, ವಿಮಾನದಲ್ಲಿ ಬರುವ ವಿದೇಶೀಯರೆಲ್ಲ ಪೂರ್ಣ ಲಸಿಕೆ ಪಡೆದಿರಬೇಕು ಎಂಬ ನಿಯಮ ನವೆಂಬರ್ 8ರಿಂದ ಜಾರಿಗೆ ಬಂತು. ವಿಶ್ವ ಆರೋಗ್ಯ ಸಂಸ್ಥೆ ತುರ್ತು ಬಳಕೆಗೆ ಒಪ್ಪಿದ ಲಸಿಕೆಗಳನ್ನೂ ಮಾನ್ಯ ಮಾಡಲಾಯಿತು. ಕೋವಿಶೀಲ್ಡ್ ಆ ಪಟ್ಟಿಯಲ್ಲಿ ಆಗಲೇ ಇತ್ತು. ಕೋವ್ಯಾಕ್ಸಿನ್‌ಗೆ ಆ ಒಪ್ಪಿಗೆ ಸಿಕ್ಕಿದ್ದು ನವೆಂಬರ್ 3ರಂದು, ಅಂದರೆ ನಿಯಮ ಜಾರಿಯಾಗುವುದಕ್ಕೆ ಬರೇ ಐದು ದಿನ ಮೊದಲು. ಕೋವ್ಯಾಕ್ಸಿನ್ ಪಡೆದು ವೀಸಾ ಹಿಡಿದುಕೊಂಡು ಕಾಯುತ್ತಿದ್ದವರು ಆ ಐದು ದಿನಗಳ ಅಂತರವನ್ನು ಮರೆತಿರಲಾರರು.

ನಿಯಮಕ್ಕೆ ವಿನಾಯಿತಿಗಳೂ ಇದ್ದವು. 18 ವರ್ಷದೊಳಗಿನ ಮಕ್ಕಳಿಗೆ, ವೈದ್ಯಕೀಯ ಕಾರಣದಿಂದ ಲಸಿಕೆ ಪಡೆಯಲಾಗದವರಿಗೆ, ಲಸಿಕೆಯೇ ಸರಿಯಾಗಿ ತಲುಪದ ದೇಶಗಳಿಂದ ಪ್ರವಾಸಿ ವೀಸಾ ಅಲ್ಲದ ವೀಸಾದಲ್ಲಿ ಬರುವವರಿಗೆ ಸಡಿಲಿಕೆ ಇತ್ತು. ಧಾರ್ಮಿಕ ಅಥವಾ ಮನಸ್ಸಾಕ್ಷಿಯ ಕಾರಣಕ್ಕೆ ವಿನಾಯಿತಿ ಇರಲಿಲ್ಲ. ಅಮೆರಿಕದ ಪ್ರಜೆಗಳಿಗೆ ಈ ನಿಯಮವೇ ಅನ್ವಯಿಸುತ್ತಿರಲಿಲ್ಲ.

ಇದು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಸೋಂಕು ತೀವ್ರವಾಗಿದ್ದಾಗ ಸರಕಾರಗಳು ಬೇಗನೆ ನಿರ್ಧರಿಸಬೇಕಾಗುತ್ತದೆ ಎಂಬುದನ್ನು ನಾವು ಒಪ್ಪುತ್ತೇವೆ. ಲಸಿಕೆ ಲಕ್ಷಾಂತರ ಜೀವ ಉಳಿಸಿತು ಎಂಬುದರಲ್ಲೂ ನಮಗೆ ಸಂದೇಹವಿಲ್ಲ. ಆದರೆ ಗಮನಿಸಬೇಕಾದ ಸಂಗತಿ ಇಷ್ಟು: ಕೋಟ್ಯಂತರ ಜನರ ಪ್ರಯಾಣವನ್ನು ನಿರ್ಧರಿಸಿದ ಈ ನಿಯಮ ಬಂದದ್ದು ಶಾಸನದಿಂದಲ್ಲ, ಆದೇಶದಿಂದ. ಅದನ್ನು ತೆಗೆಯಬೇಕೆಂಬ ಪ್ರಶ್ನೆ ಶಾಸನಸಭೆಗೆ ಬಂದದ್ದು ಸುಮಾರು ಹದಿನೈದು ತಿಂಗಳ ನಂತರ.

ಪುಟ್ಟ ಮಸೂದೆ, ದೊಡ್ಡ ಸಮಿತಿ

2023ರ ಜನವರಿಯಲ್ಲಿ ಅಮೆರಿಕದ ಪ್ರತಿನಿಧಿ ಸಭೆ ರಿಪಬ್ಲಿಕನ್ ಪಕ್ಷದ ಕೈಗೆ ಬಂತು. ಆದರೆ ಬಹುಮತ ತೀರಾ ತೆಳುವಾಗಿತ್ತು. 435 ಸ್ಥಾನಗಳಲ್ಲಿ 222. ಕೆವಿನ್ ಮೆಕಾರ್ಥಿ ಸ್ಪೀಕರ್ ಆಗಲು 15 ಸುತ್ತು ಮತದಾನ ನಡೆಯಬೇಕಾಯಿತು. ತಮ್ಮದೇ ಪಕ್ಷದ ಕಟ್ಟಾ ಬಣವನ್ನು ಒಲಿಸಿಕೊಳ್ಳಲು ಅವರು ಹಲವು ಒಪ್ಪಂದಗಳನ್ನು ಮಾಡಿಕೊಂಡರು. ಅವುಗಳಲ್ಲಿ ಒಂದು ಹೊರಗಿನವರಿಗೆ ಅಷ್ಟಾಗಿ ಕಾಣಿಸಲಿಲ್ಲ. ಸಭೆಯ 'ನಿಯಮ ಸಮಿತಿ'ಯಲ್ಲಿ ಆ ಬಣದತ್ತ ವಾಲಿದ ಮೂವರಿಗೆ ಸ್ಥಾನ ಸಿಕ್ಕಿತು. ಚಿಪ್ ರಾಯ್, ರಾಲ್ಫ್ ನಾರ್ಮನ್ ಮತ್ತು ಥಾಮಸ್ ಮ್ಯಾಸಿ.

ಮಂತ್ರಿ ಪದವಿಯಲ್ಲ, ಹಣಕಾಸು ಸಮಿತಿಯಲ್ಲ, ನಿಯಮ ಸಮಿತಿಯೇ ಏಕೆ? ಏಕೆಂದರೆ ಯಾವುದೇ ಮುಖ್ಯ ಮಸೂದೆ ಸಭೆಯ ಮುಂದೆ ಬರುವ ಮೊದಲು ಈ ಸಮಿತಿಯ ಬಾಗಿಲನ್ನು ದಾಟಬೇಕು. ಸಮಿತಿಯಲ್ಲಿ 13 ಮಂದಿ. ಸಭೆಯಲ್ಲಿ ಬಹುಮತ ಎಷ್ಟೇ ತೆಳುವಾಗಿರಲಿ, ಇಲ್ಲಿ ಆಳುವ ಪಕ್ಷಕ್ಕೆ 9, ವಿರೋಧ ಪಕ್ಷಕ್ಕೆ 4. ಪ್ರತಿ ಮಸೂದೆಗೂ ಈ ಸಮಿತಿ ಒಂದು ಪ್ರತ್ಯೇಕ 'ಚರ್ಚಾ ನಿಯಮ'ವನ್ನು ಬರೆಯುತ್ತದೆ. ಎಷ್ಟು ಗಂಟೆ ಚರ್ಚೆ, ಆ ಸಮಯ ಯಾರ ಹತೋಟಿಯಲ್ಲಿ, ಯಾವ ತಿದ್ದುಪಡಿಗಳನ್ನು ಮಂಡಿಸಬಹುದು, ಯಾವುದನ್ನು ಮಂಡಿಸುವಂತಿಲ್ಲ ಎಂಬುದೆಲ್ಲ ಅದರಲ್ಲಿರುತ್ತದೆ. ಯಾರು ಬೇಕಾದರೂ ತಿದ್ದುಪಡಿ ತರಬಹುದಾದರೆ ಅದು ತೆರೆದ ನಿಯಮ. ಸಮಿತಿ ಆರಿಸಿದ ತಿದ್ದುಪಡಿಗಳಿಗೆ ಮಾತ್ರ ಅವಕಾಶವಾದರೆ ಅದು ಕಟ್ಟುಪಾಡಿನ ನಿಯಮ. ಯಾವ ತಿದ್ದುಪಡಿಗೂ ಅವಕಾಶವಿಲ್ಲದಿದ್ದರೆ ಅದು ಮುಚ್ಚಿದ ನಿಯಮ. ಮೊದಲು ಈ ನಿಯಮಕ್ಕೆ ಸಭೆಯ ಮತ ಬೇಕು, ಆಮೇಲೆ ಮಸೂದೆಯ ಸರದಿ.

ಈ ಸಮಿತಿಯ ಇತಿಹಾಸವೂ ಕುತೂಹಲಕರ. ಒಂದು ಕಾಲದಲ್ಲಿ ಸ್ಪೀಕರ್ ಅವರೇ ಇದರ ಅಧ್ಯಕ್ಷರಾಗಿದ್ದರು. ಜೋಸೆಫ್ ಕ್ಯಾನನ್ ಎಂಬ ಸ್ಪೀಕರ್ ಆ ಬಲದಿಂದ ತಮಗೆ ಬೇಡವಾದ ಮಸೂದೆಗಳನ್ನೆಲ್ಲ ಅಲ್ಲೇ ಹೂತುಬಿಡುತ್ತಿದ್ದರು. 1910ರಲ್ಲಿ ಸದಸ್ಯರು ದಂಗೆಯೆದ್ದು ಅವರನ್ನು ಸಮಿತಿಯಿಂದ ಹೊರಹಾಕಿದರು. 1950ರ ದಶಕದಲ್ಲಿ ಹಾವರ್ಡ್ ಸ್ಮಿತ್ ಎಂಬ ಅಧ್ಯಕ್ಷರು ಕಪ್ಪು ಜನರ ನಾಗರಿಕ ಹಕ್ಕುಗಳ ಮಸೂದೆಗಳಿಗೆ ಇಲ್ಲಿಯೇ ಅಡ್ಡಗಾಲು ಹಾಕಿದರು. ಅವರ ಹಿಡಿತ ಸಡಿಲಿಸಲು 1961ರಲ್ಲಿ ಸಮಿತಿಯ ಸದಸ್ಯ ಸಂಖ್ಯೆಯನ್ನೇ 12ರಿಂದ 15ಕ್ಕೆ ಏರಿಸಬೇಕಾಯಿತು. ಆ ನಿರ್ಣಯ ಗೆದ್ದದ್ದು 217-212 ಮತಗಳಿಂದ. ಐದು ಮತಗಳ ಅಂತರ! ಒಂದು ಜನಾಂಗದ ಹಕ್ಕು ಕಾರ್ಯವಿಧಾನದ ಕುಣಿಕೆಯಲ್ಲಿ ಎಷ್ಟು ವರ್ಷ ಸಿಕ್ಕಿಬಿದ್ದಿತ್ತು ಎಂಬುದಕ್ಕೆ ಇದೇ ಸಾಕ್ಷಿ.

ಈಗ 2023ಕ್ಕೆ ಬರೋಣ. ವಿದೇಶಿ ಪ್ರಯಾಣಿಕರ ಮೇಲಿನ ಲಸಿಕೆ ನಿಯಮವನ್ನು ಕೊನೆಗೊಳಿಸುವ ಮಸೂದೆಯನ್ನು ತಂದವರು ಥಾಮಸ್ ಮ್ಯಾಸಿ. ಅದರ ಸಂಖ್ಯೆ ಎಚ್.ಆರ್. 185. ಅವರೇ ಆಗ ನಿಯಮ ಸಮಿತಿಯ ಸದಸ್ಯರೂ ಹೌದು. ಮಸೂದೆಯನ್ನು ಬರೆದವರೂ, ಆ ಮಸೂದೆಯ ಚರ್ಚೆ ಹೇಗೆ ನಡೆಯಬೇಕೆಂದು ನಿರ್ಧರಿಸುವ ಮೇಜಿನ ಸುತ್ತ ಕುಳಿತವರಲ್ಲೊಬ್ಬರೂ ಒಬ್ಬರೇ. ಇದು ಕಾನೂನುಬಾಹಿರವಲ್ಲ, ಅಲ್ಲಿ ಇದು ಹೊಸತೂ ಅಲ್ಲ. ಆದರೆ ತಕ್ಕಡಿ ಹಿಡಿದವರೇ ಸರಕಿನ ಒಡೆಯರೂ ಆದಾಗ ನೋಡುವವರು ಸ್ವಲ್ಪ ಹತ್ತಿರ ಹೋಗಿ ನೋಡುವುದು ಒಳ್ಳೆಯದು.

ಒಂದೇ ಬಸ್ಸಿನಲ್ಲಿ ಮೂವರು ಪ್ರಯಾಣಿಕರು

ಫೆಬ್ರವರಿ ಮೊದಲ ವಾರದಲ್ಲಿ ಸಮಿತಿ ಬರೆದ ನಿಯಮದಲ್ಲಿ ಈ ಮಸೂದೆ ಒಂಟಿಯಾಗಿರಲಿಲ್ಲ. ಅದೇ ಒಂದು ನಿರ್ಣಯದಡಿ ಇನ್ನೆರಡು ವಿಷಯಗಳೂ ಇದ್ದವು. ಎರಡೂ ವಾಷಿಂಗ್ಟನ್ ನಗರಾಡಳಿತಕ್ಕೆ ಸಂಬಂಧಿಸಿದವು. ಒಂದು, ಪ್ರಜೆಗಳಲ್ಲದ ನಿವಾಸಿಗಳಿಗೆ ಸ್ಥಳೀಯ ಚುನಾವಣೆಯಲ್ಲಿ ಮತ ಕೊಡುವ ನಗರದ ಕಾಯಿದೆಯನ್ನು ತಿರಸ್ಕರಿಸುವ ನಿರ್ಣಯ. ಇನ್ನೊಂದು, ಆ ನಗರದ ಹೊಸ ದಂಡ ಸಂಹಿತೆಯನ್ನು ತಿರಸ್ಕರಿಸುವ ನಿರ್ಣಯ. ಲಸಿಕೆಗೂ ಮತದಾನಕ್ಕೂ ದಂಡ ಸಂಹಿತೆಗೂ ಏನು ಸಂಬಂಧ? ಏನೂ ಇಲ್ಲ. ಆದರೆ ಚರ್ಚಾ ನಿಯಮಕ್ಕೆ ಮತ ಹಾಕುವಾಗ ಸದಸ್ಯರು ಮೂರಕ್ಕೂ ಒಟ್ಟಿಗೆ 'ಹೌದು' ಅಥವಾ 'ಇಲ್ಲ' ಎನ್ನಬೇಕು. ಬೆಳ್ತಂಗಡಿಗೂ ಕಾರ್ಕಳಕ್ಕೂ ಕುಂದಾಪುರಕ್ಕೂ ಹೋಗುವವರನ್ನು ಒಂದೇ ಬಸ್ಸಿಗೆ ಹತ್ತಿಸಿದ ಹಾಗೆ.

ಫೆಬ್ರವರಿ 8ರಂದು ಲಸಿಕೆ ಮಸೂದೆ 227-201 ಮತಗಳಿಂದ ಅಂಗೀಕಾರವಾಯಿತು. ಏಳು ಮಂದಿ ಡೆಮಾಕ್ರಾಟ್ ಸದಸ್ಯರೂ ಅದರ ಪರವಾಗಿ ನಿಂತರು. ಮರುದಿನ ವಾಷಿಂಗ್ಟನ್ನಿನ ಎರಡೂ ನಿರ್ಣಯಗಳು ಗೆದ್ದವು. ಸರಿ, ಬಸ್ಸು ಒಂದೇ. ಮೂವರೂ ಪ್ರತಿನಿಧಿ ಸಭೆಯ ನಿಲ್ದಾಣ ತಲುಪಿದರು. ಆದರೆ ಮುಂದಿನ ನಿಲ್ದಾಣವಾದ ಸೆನೆಟ್‌ನಲ್ಲಿ ಆದದ್ದೇನು?

ದಂಡ ಸಂಹಿತೆಯ ನಿರ್ಣಯ ಮಾರ್ಚ್ 8ರಂದು ಸೆನೆಟ್‌ನಲ್ಲಿ 81-14ರಿಂದ ಗೆದ್ದು, ಮಾರ್ಚ್ 20ರಂದು ಅಧ್ಯಕ್ಷರ ಸಹಿಯಾಗಿ ಕಾನೂನಾಯಿತು. ಲಸಿಕೆ ಮಸೂದೆಗೆ ಸೆನೆಟ್‌ನಲ್ಲಿ ಮತದಾನವೇ ನಡೆಯಲಿಲ್ಲ.

ಈ ವ್ಯತ್ಯಾಸಕ್ಕೆ ವಿಷಯದ ಮಹತ್ವವೊಂದೇ ಕಾರಣ ಎಂದುಕೊಂಡರೆ ತಪ್ಪಾದೀತು. ಮುಖ್ಯ ಕಾರಣ ಕಾರ್ಯವಿಧಾನ. ವಾಷಿಂಗ್ಟನ್ ನಗರದ ಸ್ವಾಡಳಿತ ಕಾಯಿದೆಯಲ್ಲಿ ಅಪರಾಧ ಕಾನೂನಿನ ತಿರಸ್ಕಾರಕ್ಕೆ ವಿಶೇಷ ವೇಗದ ದಾರಿಯೊಂದಿದೆ. ಅದನ್ನು ಸೆನೆಟ್‌ನ ಬಹುಮತ ಪಕ್ಷವೂ ಸುಲಭವಾಗಿ ತಡೆದಿಡಲಾಗದು. ಸಾಮಾನ್ಯ ಮಸೂದೆಗೆ ಅಂಥ ದಾರಿಯಿಲ್ಲ. ಸೆನೆಟ್‌ನಲ್ಲಿ ಚರ್ಚೆಯನ್ನು ಮುಗಿಸಿ ಮತಕ್ಕೆ ಹಾಕಲು 100ರಲ್ಲಿ 60 ಮತ ಬೇಕು. ಅದಕ್ಕೂ ಮೊದಲು ಮಸೂದೆಯನ್ನು ಎತ್ತಿಕೊಳ್ಳುವ ಮನಸ್ಸು ಬಹುಮತದ ನಾಯಕರಿಗೆ ಇರಬೇಕು. ಆಗ ಸೆನೆಟ್ ಡೆಮಾಕ್ರಾಟರ ಕೈಯಲ್ಲಿತ್ತು. ಮಸೂದೆ ಅಲ್ಲೇ ಉಳಿಯಿತು.

ಇದೇ ಪಾಠವನ್ನು ಇನ್ನೊಂದು ಉದಾಹರಣೆಯೂ ಹೇಳುತ್ತದೆ. ಕೊರೊನಾ ರಾಷ್ಟ್ರೀಯ ತುರ್ತುಸ್ಥಿತಿಯನ್ನು ಕೊನೆಗೊಳಿಸುವ ನಿರ್ಣಯವೊಂದು ಒಂದು ವಾರ ಮೊದಲು, ಫೆಬ್ರವರಿ 1ರಂದು, 229-197ರಿಂದ ಪ್ರತಿನಿಧಿ ಸಭೆಯಲ್ಲಿ ಅಂಗೀಕಾರವಾಗಿತ್ತು. ಶ್ವೇತಭವನ ಅದನ್ನು ವಿರೋಧಿಸಿತ್ತು. ಆದರೆ 1976ರ ರಾಷ್ಟ್ರೀಯ ತುರ್ತುಸ್ಥಿತಿ ಕಾಯಿದೆಯಲ್ಲಿ ಇಂಥ ನಿರ್ಣಯಕ್ಕೆ ದಿನಗಳ ಲೆಕ್ಕದ ಗಡುವಿದೆ. ಸಮಿತಿಯಲ್ಲಿ ಕೂಡಿಹಾಕುವಂತಿಲ್ಲ. ಮಾರ್ಚ್ 29ರಂದು ಸೆನೆಟ್ 68-23ರಿಂದ ಒಪ್ಪಿತು. ಏಪ್ರಿಲ್ 10ರಂದು ಬೈಡನ್ ಸಹಿ ಹಾಕಿದರು.

ಒಂದೇ ಸಾಂಕ್ರಾಮಿಕ, ಒಂದೇ ಸಭೆ, ಒಂದೇ ಋತು. ಗಡುವಿನ ಬೆಂಬಲವಿದ್ದ ನಿರ್ಣಯಗಳು ಕಾನೂನಾದವು. ಗಡುವಿಲ್ಲದ ಲಸಿಕೆ ಮಸೂದೆ ಕೋಣೆಯಲ್ಲಿ ಕುಳಿತೇ ಇತ್ತು. ಕೊನೆಗೆ ಆ ಪ್ರಯಾಣದ ನಿಯಮವನ್ನು ತೆಗೆದದ್ದು ಅದನ್ನು ತಂದ ಕೈಯೇ. ಮೇ 1ರಂದು ಶ್ವೇತಭವನ ಪ್ರಕಟಿಸಿತು, ಮೇ 9ರಂದು ಅಧ್ಯಕ್ಷರು ಘೋಷಣೆಯನ್ನು ಹಿಂತೆಗೆದರು, ಮೇ 12ರ ಮೊದಲ ನಿಮಿಷದಿಂದ ಲಸಿಕೆ ಕಾಗದ ಬೇಡವಾಯಿತು. ಆದೇಶದಿಂದ ಬಂದದ್ದು ಆದೇಶದಿಂದಲೇ ಹೋಯಿತು. ಜನಪ್ರತಿನಿಧಿಗಳ ಮತ ದಾಖಲೆಯಲ್ಲಿ ಮಾತ್ರ ಉಳಿಯಿತು.

ಈ ನಡುವೆ ಸುದ್ದಿಯಲ್ಲಿ ಮಿಂಚಿದವರು ಟೆನಿಸ್ ಆಟಗಾರ ನೊವಾಕ್ ಜೊಕೊವಿಚ್. ಲಸಿಕೆ ಪಡೆಯದ ಕಾರಣ ಅವರು 2022ರ ಯು.ಎಸ್. ಓಪನ್‌ಗೆ ಹೋಗಲಾಗಲಿಲ್ಲ. 2023ರ ಮಾರ್ಚಿನ ಎರಡು ದೊಡ್ಡ ಪಂದ್ಯಾವಳಿಗಳೂ ಕೈತಪ್ಪಿದವು. ಕ್ಯಾಮೆರಾಗಳು ಅವರ ಹಿಂದೆ ಓಡಿದವು. ಮೊಮ್ಮಗುವನ್ನು ಮೊಬೈಲಿನಲ್ಲಷ್ಟೇ ನೋಡಿದ ಅಜ್ಜ ಅಜ್ಜಿಯರ ಹಿಂದೆ ಯಾವ ಕ್ಯಾಮೆರಾವೂ ಓಡಲಿಲ್ಲ. ಚರ್ಚೆಗೆ ಸರಿಯಾದ ಸಮಯ ಮತ್ತು ತಿದ್ದುಪಡಿಗೆ ಅವಕಾಶ ಇರಬೇಕಾದದ್ದು ಇಂಥವರಿಗಾಗಿಯೇ. ವಿನಾಯಿತಿಯ ಪಟ್ಟಿಗೆ ಒಂದು ಸಾಲು ಸೇರಿಸಿ ಎಂದು ಕೇಳುವ ಸದಸ್ಯರೊಬ್ಬರಿಗೆ ಎದ್ದು ನಿಲ್ಲಲು ಜಾಗ ಬೇಕು.

ಎರಡೂ ಪಕ್ಷಗಳ ಕಥೆ ಇದೇ

ಇದನ್ನು ಒಂದು ಪಕ್ಷದ ತಪ್ಪೆಂದು ಯಾರೂ ಓದಬಾರದು. ಒಂದು ವರ್ಷ ಹಿಂದಕ್ಕೆ ಹೋದರೆ ಚಿತ್ರ ತಿರುಗಿ ಕಾಣುತ್ತದೆ. 2022ರ ಮಾರ್ಚ್ 15ರಂದು, ವಿಮಾನ ಮತ್ತು ಬಸ್ಸುಗಳಲ್ಲಿ ಮಾಸ್ಕ್ ಕಡ್ಡಾಯವನ್ನು ರದ್ದುಪಡಿಸುವ ನಿರ್ಣಯವನ್ನು ಸೆನೆಟ್ 57-40ರಿಂದ ಒಪ್ಪಿತು. ಅಲ್ಲಿ ಅಲ್ಪಸಂಖ್ಯಾತ ಪಕ್ಷವೂ ಅದನ್ನು ಮತಕ್ಕೆ ತರಲು ಸಾಧ್ಯವಾದದ್ದು ಇನ್ನೊಂದು ವೇಗದ ದಾರಿಯಿಂದ. ಸರಕಾರಿ ನಿಯಮಗಳ ಮರುಪರಿಶೀಲನಾ ಕಾಯಿದೆಯ ಪ್ರಕಾರ 30 ಸೆನೆಟರ್‌ಗಳು ಸಹಿ ಹಾಕಿದರೆ ನಿರ್ಣಯ ಸಮಿತಿಯಿಂದ ಹೊರಬರುತ್ತದೆ. ಚರ್ಚೆಗೆ 10 ಗಂಟೆಯ ಮಿತಿಯಿದೆ, ಸರಳ ಬಹುಮತ ಸಾಕು. ಆದರೆ ಪ್ರತಿನಿಧಿ ಸಭೆಯಲ್ಲಿ ಅಂಥ ದಾರಿಯಿಲ್ಲ. ಆಗ ಅದು ಡೆಮಾಕ್ರಾಟರ ಕೈಯಲ್ಲಿತ್ತು, ಅವರು ಅದನ್ನು ಎತ್ತಿಕೊಳ್ಳಲೇ ಇಲ್ಲ. ಒಂದು ತಿಂಗಳ ನಂತರ, ಏಪ್ರಿಲ್ 18ರಂದು, ಫ್ಲೋರಿಡಾದ ಫೆಡರಲ್ ನ್ಯಾಯಾಧೀಶರೊಬ್ಬರು ಆ ಮಾಸ್ಕ್ ನಿಯಮವನ್ನು ರದ್ದುಪಡಿಸಿದರು. ಅಲ್ಲೂ ಕೊನೆಯ ಮಾತು ಶಾಸಕರದಾಗಲಿಲ್ಲ.

ತೆರೆದ ಚರ್ಚೆಯ ಭರವಸೆ ಕೊಟ್ಟವರು ಅದನ್ನು ಪೂರ್ತಿ ಮರೆತರೆಂದೂ ಹೇಳಲಾಗದು. 2023ರ ಜನವರಿಯಲ್ಲಿ ತೈಲ ಸಂಗ್ರಹದ ಮಸೂದೆಯೊಂದಕ್ಕೆ ಬಹುಮಟ್ಟಿಗೆ ತೆರೆದ ನಿಯಮವನ್ನೇ ಕೊಡಲಾಗಿತ್ತು. 2016ರ ನಂತರ ಅಂಥ ಅವಕಾಶ ಸಿಕ್ಕಿದ್ದು ಅದೇ ಮೊದಲು. ನೂರಕ್ಕೂ ಹೆಚ್ಚು ತಿದ್ದುಪಡಿಗಳು ಬಂದವು. ತೆರೆದ ಬಾಗಿಲಿಗೂ ಬೆಲೆಯಿದೆ ಎಂಬುದನ್ನು ಇದು ತೋರಿಸುತ್ತದೆ. ಎಲ್ಲರಿಗೂ ಎಲ್ಲದಕ್ಕೂ ಮಾತಾಡಲು ಬಿಟ್ಟರೆ ಸಭೆ ಮುಗಿಯುವುದೇ ಇಲ್ಲ. ಚರ್ಚೆಯನ್ನೇ ಅಸ್ತ್ರವಾಗಿಸಿ ಕೆಲಸ ಕೆಡಿಸುವವರೂ ಇದ್ದಾರೆ. ಆದ್ದರಿಂದ ನಿಯಮ ಬೇಡ ಎನ್ನುವುದು ಪರಿಹಾರವಲ್ಲ.

ನಿಯಮವೇ ಅಸ್ತ್ರವಾದ ಪ್ರಸಂಗವೂ ನಡೆಯಿತು. 2023ರ ಜೂನ್ 6ರಂದು ಆಳುವ ಪಕ್ಷದ ಅತೃಪ್ತರೇ ವಿರೋಧ ಪಕ್ಷದ ಜೊತೆ ಸೇರಿ ಚರ್ಚಾ ನಿಯಮವೊಂದನ್ನು 206-220ರಿಂದ ಸೋಲಿಸಿದರು. 2002ರ ನಂತರ ಅಂಥ ಸೋಲು ಅದೇ ಮೊದಲು. ಸಭೆಯ ಕೆಲಸ ದಿನಗಟ್ಟಲೆ ನಿಂತಿತು. ಅಕ್ಟೋಬರ್ 3ರಂದು 216-210ರಿಂದ ಮೆಕಾರ್ಥಿ ಅವರ ಸ್ಪೀಕರ್ ಸ್ಥಾನವೇ ಹೋಯಿತು. ಕಾರ್ಯವಿಧಾನವನ್ನು ಚೌಕಾಸಿಯ ಸರಕು ಮಾಡಿಕೊಂಡರೆ ಕೊನೆಗೆ ಅದು ಮಾಡಿಕೊಂಡವರನ್ನೂ ಬಿಡುವುದಿಲ್ಲ.

ಯುರೋಪಿನ ದಾರಿ

ಅದೇ ವಿಷಯವನ್ನು ಯುರೋಪಿಯನ್ ಪಾರ್ಲಿಮೆಂಟ್ ಬೇರೆ ರೀತಿಯಲ್ಲಿ ನಿಭಾಯಿಸಿತು. ಅಲ್ಲಿ ಪ್ರಯಾಣದ ಕೊರೊನಾ ಪ್ರಮಾಣಪತ್ರ ಬಂದದ್ದು ಆದೇಶದಿಂದಲ್ಲ, ಶಾಸನದಿಂದ. 2021ರ ಮಾರ್ಚ್ 17ರಂದು ಯುರೋಪಿಯನ್ ಆಯೋಗ ಪ್ರಸ್ತಾವ ಮಂಡಿಸಿತು. ಬೇಸಿಗೆಯ ಪ್ರವಾಸ ಕಾಲ ಹತ್ತಿರವಿತ್ತು. ಸಮಿತಿಗಳ ಮಾಮೂಲಿ ದಾರಿಯಲ್ಲಿ ಹೋದರೆ ತಿಂಗಳುಗಳು ಹಿಡಿಯುತ್ತಿದ್ದವು. ಆದ್ದರಿಂದ ತುರ್ತು ವಿಧಾನವನ್ನು ಬಳಸಬೇಕೇ ಎಂಬ ಪ್ರಶ್ನೆಯನ್ನೇ ಮಾರ್ಚ್ 25ರಂದು ಪ್ರತ್ಯೇಕವಾಗಿ ಮತಕ್ಕೆ ಹಾಕಲಾಯಿತು. 468 ಮಂದಿ ಪರ, 203 ಮಂದಿ ವಿರೋಧ, 16 ಮಂದಿ ತಟಸ್ಥ.

ಇಲ್ಲಿ ಗಮನಿಸಬೇಕಾದದ್ದು ಅವಸರವಲ್ಲ. ಅವಸರ ಮಾಡಬೇಕೇ ಎಂಬುದನ್ನು ಬೇರಾವ ವಿಷಯವನ್ನೂ ಜೊತೆಗೆ ಕಟ್ಟದೆ, ಹೆಸರು ಹಿಡಿದು ಕೇಳಿದ್ದು. ಬೇಡವೆಂದ 203 ಮಂದಿಯ ವಿರೋಧವೂ ದಾಖಲಾಯಿತು. ತುರ್ತು ವಿಧಾನವಾದರೂ ತಿದ್ದುಪಡಿಗಳ ಬಾಗಿಲು ಮುಚ್ಚಲಿಲ್ಲ. ಏಪ್ರಿಲ್ 29ರಂದು ಪಾರ್ಲಿಮೆಂಟ್ ತನ್ನದೇ ತಿದ್ದುಪಡಿಗಳೊಡನೆ ನಿಲುವು ತೆಗೆದುಕೊಂಡಿತು. ಮೇ 20ರಂದು ಸದಸ್ಯ ರಾಷ್ಟ್ರಗಳ ಜೊತೆ ಒಪ್ಪಂದವಾಯಿತು. ಜೂನ್ 9ರಂದು 546-93ರಿಂದ, 51 ಮಂದಿ ತಟಸ್ಥರಾಗಿ, ಶಾಸನ ಅಂಗೀಕಾರವಾಯಿತು. ಜುಲೈ 1ರಿಂದ ಜಾರಿ.

ಆ ಎರಡು ತಿಂಗಳ ಚರ್ಚೆಯಿಂದ ಸಿಕ್ಕಿದ್ದೇನು? ಲಸಿಕೆ ಮಾತ್ರವಲ್ಲ, ಪರೀಕ್ಷಾ ವರದಿ ಅಥವಾ ಗುಣಮುಖರಾದ ದಾಖಲೆಯೂ ನಡೆಯುತ್ತದೆ ಎಂಬುದು ಪ್ರಸ್ತಾವದಲ್ಲೇ ಇತ್ತು. ಆದರೆ ಪರೀಕ್ಷೆಗೆ ಹಣವಿಲ್ಲದ ಬಡವರ ಗತಿಯೇನು ಎಂದು ಸದಸ್ಯರು ಕೇಳಿದರು. ಎಲ್ಲರಿಗೂ ಉಚಿತ ಪರೀಕ್ಷೆ ಬೇಕೆಂಬ ಅವರ ಒತ್ತಾಯ ಪೂರ್ತಿ ಈಡೇರಲಿಲ್ಲ. ಅದರ ಬದಲು ಪರೀಕ್ಷೆಗಳಿಗೆ 10 ಕೋಟಿ ಯೂರೋ ನೆರವು ಸಿಕ್ಕಿತು. ಪ್ರಮಾಣಪತ್ರ ಇದ್ದವರ ಮೇಲೆ ಅನಗತ್ಯ ಕ್ವಾರಂಟೈನ್ ಹೇರಬಾರದೆಂಬ ಮಿತಿ ಬಂತು. ಎಲ್ಲಕ್ಕಿಂತ ಮುಖ್ಯವಾಗಿ, ಈ ವ್ಯವಸ್ಥೆಗೆ 12 ತಿಂಗಳ ಆಯುಷ್ಯವನ್ನು ಶಾಸನದಲ್ಲೇ ಬರೆಯಲಾಯಿತು. ಮುಂದುವರಿಸಬೇಕಾದರೆ ಮತ್ತೆ ಪಾರ್ಲಿಮೆಂಟಿಗೆ ಬರಬೇಕು. ಹಾಗೆಯೇ ಬಂದರು. ಒಂದು ವರ್ಷ ವಿಸ್ತರಣೆ ಪಡೆದರು. 2023ರ ಜೂನ್ 30ಕ್ಕೆ ಅದು ತಾನಾಗಿ ಮುಗಿಯಿತು.

ಆದರೆ ಅದೂ ದೋಷವಿಲ್ಲದ ಶಾಸನವಾಗಿರಲಿಲ್ಲ. ಆ ದೋಷದ ಬಿಸಿ ತಟ್ಟಿದ್ದು ನಮಗೇ. ಯುರೋಪಿನ ಔಷಧ ಸಂಸ್ಥೆ ಒಪ್ಪಿದ ಲಸಿಕೆಗಳನ್ನು ಎಲ್ಲ ಸದಸ್ಯ ರಾಷ್ಟ್ರಗಳೂ ಮಾನ್ಯ 'ಮಾಡಲೇಬೇಕು' ಎಂದು ಶಾಸನ ಹೇಳಿತು. ವಿಶ್ವ ಆರೋಗ್ಯ ಸಂಸ್ಥೆ ಮಾತ್ರ ಒಪ್ಪಿದ ಲಸಿಕೆಗಳನ್ನು ಮಾನ್ಯ 'ಮಾಡಬಹುದು' ಎಂದಿತು. ಪುಣೆಯಲ್ಲಿ ತಯಾರಾದ ಕೋವಿಶೀಲ್ಡ್ ಎರಡನೇ ಗುಂಪಿಗೆ ಬಿತ್ತು. ಅದೇ ಲಸಿಕೆ ಯುರೋಪಿನಲ್ಲಿ ಬೇರೆ ಹೆಸರಿನಲ್ಲಿ ತಯಾರಾದರೆ ಮೊದಲ ಗುಂಪು! 2021ರ ಜೂನ್ ಕೊನೆಯಲ್ಲಿ ಭಾರತ ಸರಕಾರ ಪ್ರತಿಭಟಿಸಿತು. ಆಮೇಲೆ ಹಲವು ದೇಶಗಳು ಒಂದೊಂದಾಗಿ ಕೋವಿಶೀಲ್ಡ್ ಅನ್ನು ಒಪ್ಪಿದವು. 'ಬೇಕು' ಮತ್ತು 'ಬಹುದು' ಎಂಬ ಎರಡು ಪದಗಳ ನಡುವೆ ಸಿಕ್ಕಿಕೊಂಡವರು ನಮ್ಮವರು. ಆ ಸಭೆಯಲ್ಲಿ ನಮಗೆ ಮತವಿರಲಿಲ್ಲ. ಮತವಿಲ್ಲದವರ ಬಗ್ಗೆ ಮಾತಾಡಲು ಮತವಿರುವವರಿಗೆ ಪುರುಸೊತ್ತು ಬೇಕು. ಅವಸರದ ಚರ್ಚೆಯಲ್ಲಿ ಮೊದಲು ಬಿಟ್ಟುಹೋಗುವವರು ಹೊರಗಿನವರೇ.

ನಮ್ಮ ಮನೆಯಂಗಳ

ಹಾಗಾದರೆ ನಮ್ಮಲ್ಲಿ? ಭಾರತದಲ್ಲಿ ಪ್ರಯಾಣದ ಕೊರೊನಾ ನಿಯಮಗಳು ಮಸೂದೆಯಾಗಿ ಬಂದದ್ದೇ ಇಲ್ಲ. 2005ರ ವಿಪತ್ತು ನಿರ್ವಹಣಾ ಕಾಯಿದೆ, 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಮತ್ತು ಇಲಾಖೆಗಳ ಸುತ್ತೋಲೆಗಳ ಬಲದಿಂದ ಎಲ್ಲವೂ ನಡೆಯಿತು. ವಿದೇಶದಿಂದ ಬರುವವರು ತುಂಬಬೇಕಾಗಿದ್ದ ಏರ್ ಸುವಿಧಾ ಅರ್ಜಿ ಸುತ್ತೋಲೆಯಿಂದ ಬಂತು, 2022ರ ನವೆಂಬರಿನಲ್ಲಿ ಸುತ್ತೋಲೆಯಿಂದಲೇ ಹೋಯಿತು.

ತಲಪಾಡಿಯ ಗಡಿಯನ್ನು ನಮ್ಮ ಓದುಗರಿಗೆ ಪರಿಚಯಿಸಬೇಕಾಗಿಲ್ಲ. 2021ರ ಜುಲೈ ಕೊನೆಯಲ್ಲಿ ಕೇರಳದಿಂದ ಬರುವವರಿಗೆ, ಲಸಿಕೆ ಪಡೆದಿದ್ದರೂ, ಆರ್‌ಟಿಪಿಸಿಆರ್ ನೆಗೆಟಿವ್ ವರದಿ ಕಡ್ಡಾಯವೆಂದು ಕರ್ನಾಟಕ ಸರಕಾರ ಆದೇಶಿಸಿತು. ಕಾಸರಗೋಡಿನಿಂದ ಮಂಗಳೂರಿನ ಕಾಲೇಜಿಗೆ, ಆಸ್ಪತ್ರೆಗೆ, ದಿನಗೂಲಿಗೆ ಬರುವವರು ಗಡಿಯಲ್ಲಿ ನಿಂತರು. ಆದೇಶಕ್ಕೆ ಕಾರಣ ಇರಲಿಲ್ಲವೆಂದಲ್ಲ. ಕೇರಳದಲ್ಲಿ ಸೋಂಕು ಹೆಚ್ಚಿತ್ತು. ಆದರೆ ದಿನವೂ ಗಡಿ ದಾಟುವ ಕೂಲಿಯವನಿಗೆ ಏನು ವ್ಯವಸ್ಥೆ ಎಂದು ಶಾಸಕರೊಬ್ಬರು ತಿದ್ದುಪಡಿ ಸೂಚಿಸುವ ಅವಕಾಶ ಸುತ್ತೋಲೆಯಲ್ಲಿ ಇರುವುದಿಲ್ಲ. ಸುತ್ತೋಲೆಗೆ ಎರಡನೇ ಓದು ಎಂಬುದಿಲ್ಲ.

ಸಂಸತ್ತು ಕೂಡ ಆ ದಿನಗಳಲ್ಲಿ ಕುಗ್ಗಿತ್ತು. 2020ರ ಸೆಪ್ಟೆಂಬರ್ ಅಧಿವೇಶನದಲ್ಲಿ ಪ್ರಶ್ನೋತ್ತರ ಅವಧಿಯನ್ನೇ ಕೈಬಿಡಲಾಯಿತು. ಆ ವರ್ಷದ ಚಳಿಗಾಲದ ಅಧಿವೇಶನ ನಡೆಯಲೇ ಇಲ್ಲ. ರೋಗದ ಕಾರಣ ಕೊಡಲಾಯಿತು. ಆದರೆ ರೋಗದ ಬಗ್ಗೆ ಸರಕಾರವನ್ನು ಅತಿ ಹೆಚ್ಚು ಪ್ರಶ್ನಿಸಬೇಕಾಗಿದ್ದ ಕಾಲವೂ ಅದೇ ಆಗಿತ್ತು. 2021ರ ನವೆಂಬರ್ 29ರಂದು ಮೂರು ಕೃಷಿ ಕಾಯಿದೆಗಳನ್ನು ಹಿಂತೆಗೆಯುವ ಮಸೂದೆ ಎರಡೂ ಸದನಗಳಲ್ಲಿ ಚರ್ಚೆಯಿಲ್ಲದೆ ಒಂದೇ ದಿನ ಅಂಗೀಕಾರವಾದದ್ದನ್ನೂ ಇಲ್ಲಿ ನೆನಪಿಸಿಕೊಳ್ಳಬಹುದು. ಹಿಂತೆಗೆತವನ್ನು ಸ್ವಾಗತಿಸಿದವರಿಗೂ ಚರ್ಚೆ ಬೇಕಾಗಿತ್ತು.

ಅಮೆರಿಕದ ನಿಯಮ ಸಮಿತಿಗೆ ಸ್ವಲ್ಪಮಟ್ಟಿಗೆ ಹೋಲುವ ವ್ಯವಸ್ಥೆ ನಮ್ಮಲ್ಲೂ ಇದೆ. ಸಂವಿಧಾನದ 118ನೇ ವಿಧಿ ಸಂಸತ್ತಿನ ಸದನಗಳಿಗೂ, 208ನೇ ವಿಧಿ ರಾಜ್ಯದ ಸದನಗಳಿಗೂ ತಮ್ಮ ಕಾರ್ಯವಿಧಾನವನ್ನು ತಾವೇ ರಚಿಸಿಕೊಳ್ಳುವ ಹಕ್ಕು ಕೊಟ್ಟಿವೆ. ಲೋಕಸಭೆಯಲ್ಲಿ ಸ್ಪೀಕರ್ ಅಧ್ಯಕ್ಷತೆಯ ಕಲಾಪ ಸಲಹಾ ಸಮಿತಿ ಯಾವ ಮಸೂದೆಗೆ ಎಷ್ಟು ಗಂಟೆ ಎಂದು ನಿಗದಿಪಡಿಸುತ್ತದೆ. ಅದರಲ್ಲಿ ಹೆಚ್ಚೆಂದರೆ 15 ಸದಸ್ಯರು. ನಮ್ಮಲ್ಲಿ ಎಷ್ಟು ಮಂದಿಗೆ ಈ ಸಮಿತಿಯ ಹೆಸರು ಗೊತ್ತು? ಟಿವಿಯಲ್ಲಿ ನಾವು ನೋಡುವುದು ಗದ್ದಲವನ್ನು ಮಾತ್ರ. ಗದ್ದಲದ ಹಿಂದೆ 'ನಮಗೆ ಸಮಯ ಕೊಡಲಿಲ್ಲ' ಎಂಬ ದೂರಿದ್ದರೆ, ಆ ದೂರು ನಿಜವೇ ಸುಳ್ಳೇ ಎಂದು ತಿಳಿಯುವ ಗೋಜಿಗೆ ನಾವು ಹೋಗುವುದಿಲ್ಲ.

ನಾಗರಿಕರಾಗಿ ನಾವು ಕೇಳಬೇಕಾದದ್ದು

ಒಂದು ಕಾನೂನು ನಮಗೆ ಇಷ್ಟವೇ ಅಲ್ಲವೇ ಎಂಬುದರ ಆಚೆಗೆ ಕೆಲವು ಪ್ರಶ್ನೆಗಳನ್ನು ರೂಢಿ ಮಾಡಿಕೊಳ್ಳುವುದು ಅಗತ್ಯವೆಂದು ನಮಗೆ ತೋರುತ್ತದೆ. ಮೊದಲನೆಯದಾಗಿ, ಇದು ಶಾಸನವೇ, ಆದೇಶವೇ? ಆದೇಶವಾದರೆ ಸದನದ ಮುಂದೆ ಯಾವಾಗ ಬರುತ್ತದೆ? ಎರಡನೆಯದಾಗಿ, ಚರ್ಚೆಗೆ ಎಷ್ಟು ಸಮಯ ಸಿಕ್ಕಿತು, ಆ ಸಮಯವನ್ನು ನಿಗದಿಪಡಿಸಿದವರು ಯಾರು? ಮೂರನೆಯದಾಗಿ, ತಿದ್ದುಪಡಿ ಸೂಚಿಸಲು ವಿರೋಧ ಪಕ್ಷಕ್ಕೂ ಆಳುವ ಪಕ್ಷದ ಹಿಂದಿನ ಸಾಲಿನ ಸದಸ್ಯರಿಗೂ ಜಾಗವಿತ್ತೇ? ನಾಲ್ಕನೆಯದಾಗಿ, ಇದರ ಜೊತೆಗೆ ಸಂಬಂಧವಿಲ್ಲದ ಬೇರೆ ಏನನ್ನಾದರೂ ಕಟ್ಟಲಾಯಿತೇ? ಐದನೆಯದಾಗಿ, ಇದು ಯಾವಾಗ ಮುಗಿಯುತ್ತದೆ ಎಂದು ಎಲ್ಲಾದರೂ ಬರೆದಿದೆಯೇ?

ಈ ಐದರಲ್ಲಿ ಕೊನೆಯದು ತುರ್ತುಕಾಲಕ್ಕೆ ಅತಿ ಮುಖ್ಯ. ಬೆಂಕಿ ಬಿದ್ದಾಗ ಕೇಳಿ ನೀರು ಹಾಕು ಎಂದು ಯಾರೂ ಹೇಳುವುದಿಲ್ಲ. ಆದರೆ ಬೆಂಕಿ ಆರಿದ ಮೇಲೂ ಬೀದಿಗೆ ಅಡ್ಡ ಹಾಕಿದ ಹಗ್ಗ ಹಾಗೆಯೇ ಇದ್ದರೆ ಅದನ್ನು ಬಿಚ್ಚುವ ದಿನ ಯಾವುದೆಂದು ಕೇಳುವ ಹಕ್ಕು ಬೀದಿಯವರಿಗಿದೆ. ಯುರೋಪ್ ಆ ದಿನವನ್ನು ಮೊದಲೇ ಬರೆದಿಟ್ಟಿತು. ಅಮೆರಿಕದಲ್ಲಿ ಅದನ್ನು ಬರೆಯದ್ದರಿಂದ, ಬಿಚ್ಚಬೇಕೆಂದು ಒಂದು ಸದನ ಮತ ಹಾಕಿದ ಮೇಲೂ ಜನ ಮೂರು ತಿಂಗಳು ಕಾಯಬೇಕಾಯಿತು.

ನಮ್ಮ ಧರ್ಮಕೇಂದ್ರಗಳಲ್ಲಿ ಯುವಜನರ ಸಂಘಟನೆಗಳಿವೆ, ಸಾಮಾಜಿಕ ಹಾಗೂ ರಾಜಕೀಯ ಜಾಗೃತಿಯ ಕಾರ್ಯಕ್ರಮಗಳು ನಡೆಯುತ್ತವೆ. ಚುನಾವಣೆ ಬಂದಾಗ ಯಾರಿಗೆ ಮತ ಹಾಕಬೇಕೆಂಬ ಮಾತು ಅಲ್ಲಿ ಸಾಕಷ್ಟಾಗುತ್ತದೆ. ಗೆದ್ದು ಹೋದವರು ಸದನದಲ್ಲಿ ಹೇಗೆ ಕೆಲಸ ಮಾಡುತ್ತಾರೆ ಎಂಬ ಪಾಠವೂ ಅಲ್ಲಿ ನಡೆಯಲಿ. ಸಂಸದ್ ಟಿವಿಯಲ್ಲಿ ಕಲಾಪ ನೇರವಾಗಿ ಬರುತ್ತದೆ. ಮಸೂದೆಗಳು ಮತ್ತು ಕಲಾಪದ ದಾಖಲೆಗಳು ಸಂಸತ್ತಿನ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತವೆ. ಒಂದು ಅಧಿವೇಶನದ ಒಂದು ಮಸೂದೆಯನ್ನು ಆರಿಸಿಕೊಂಡು, ಅದು ಮಂಡನೆಯಾದ ದಿನದಿಂದ ಅಂಗೀಕಾರವಾದ ದಿನದವರೆಗೆ ಹತ್ತು ಮಂದಿ ಯುವಕ ಯುವತಿಯರು ಹಿಂಬಾಲಿಸಲಿ. ಬಳಿಕ ನಮ್ಮ ಸಂಸದರು ಊರಿಗೆ ಬಂದಾಗ, 'ಆ ಮಸೂದೆಗೆ ಕೊಟ್ಟ ಸಮಯ ಸಾಕಾಯಿತೇ? ನೀವು ಯಾವ ತಿದ್ದುಪಡಿ ಸೂಚಿಸಿದಿರಿ?' ಎಂದು ಗೌರವದಿಂದಲೇ ಕೇಳಲಿ.

ಮತ್ತೊಂದು ಸಾಂಕ್ರಾಮಿಕ ಯಾವಾಗ ಬರುತ್ತದೋ ಯಾರೂ ಹೇಳಲಾರರು. ಬಂದರೆ ಮತ್ತೆ ಗಡಿಗಳು ಮುಚ್ಚುತ್ತವೆ, ಮತ್ತೆ ಕಾಗದ ಕೇಳುತ್ತಾರೆ. ಆಗ ಯಾವ ಕಾಗದ ಎಂಬುದನ್ನು ವೈದ್ಯರೂ ವಿಜ್ಞಾನಿಗಳೂ ಹೇಳಲಿ. ಅದನ್ನು ಯಾರ ಮೇಲೆ, ಎಷ್ಟು ದಿನ, ಯಾವ ವಿನಾಯಿತಿಯೊಂದಿಗೆ ಹೇರಬೇಕೆಂಬುದು ಎಲ್ಲರ ಮುಂದೆ, ಎಲ್ಲರಿಗೂ ಮಾತಾಡಲು ಅವಕಾಶ ಕೊಟ್ಟು ತೀರ್ಮಾನವಾಗಲಿ. ಅದಕ್ಕೆ ಬೇಕಾದ ನಿಯಮಗಳನ್ನು ರೋಗವಿಲ್ಲದ ಈ ದಿನಗಳಲ್ಲೇ ಸರಿಪಡಿಸಿಕೊಳ್ಳುವುದು ಜಾಣತನ.